ಸಮಾಧಾನದವರ ಸರದಿ

ಅಕ್ಕ ಮನೆ ಬಿಟ್ಟು ಹೊರಟ ಬೆಳಿಗ್ಗೆ ತಂಗಿ ಇಸ್ತ್ರಿ ಮಾಡುತ್ತಿದ್ದಳು. ಅದೂ ಎಂಥ ಇಸ್ತ್ರಿ? ಆಗಲೇ ಗರಿಗರಿಯಾಗಿ ಮಡಿಸಿಟ್ಟಿದ್ದ ಗಂಡನ ಅಂಗಿಯನ್ನೇ ಬಿಡಿಸಿ ಮತ್ತೆ ಉಜ್ಜುತ್ತಿದ್ದಳು. ಬೆನ್ನು ಬಾಗಿಲ ಕಡೆಗಿತ್ತು. ಹಿಂದೆ ಟ್ರಂಕು ನೆಲಕ್ಕೆ ತಾಗಿದ್ದು ಕೇಳಿಸಿತು, ಚಪ್ಪಲಿ ಮೆಟ್ಟಿಕೊಂಡಿದ್ದು ಕೇಳಿಸಿತು, ಮನೆಯ ಬೀಗದ ಕೈಯನ್ನು ಚಪ್ಪಲಿ ಗೂಡಿನ ಮೇಲಿಟ್ಟ ಸಣ್ಣ ಸದ್ದೂ ಕೇಳಿಸಿತು. “ಬರ್ತೀನಿ ಕಣೇ” ಎಂದಳು ಅಕ್ಕ. ತಂಗಿ “ಹೂಂ” ಎಂದಳು. ಇವಳಿಗಿಂತ ಹನ್ನೆರಡು ವರ್ಷ ದೊಡ್ಡವಳು; ಅಮ್ಮ ಹೋದಮೇಲೆ ಹೊಲಿಗೆ ಯಂತ್ರ ತುಳಿದೂ ತುಳಿದೂ ಇವಳನ್ನು ಓದಿಸಿ, ಮದುವೆ ಮಾಡಿ, ತಾನು ಹಾಗೇ ಉಳಿದವಳು; ಆರು ವರ್ಷದಿಂದ ಇದೇ ಮನೆಯ ಸಣ್ಣ ಕೋಣೆಯಲ್ಲಿ ಇದ್ದವಳು. ಅಂಥವಳು ಹೊರಟು ನಿಂತರೆ ಇವಳ ಬಾಯಿಂದ ಬಂದದ್ದು ಬರೀ ಒಂದು “ಹೂಂ”!

ಹಿಡಿದು ಎರಡು ಬಾರಿಸಬೇಕು ಅನ್ನಿಸುತ್ತದಲ್ಲವೇ? ತಡೆಯಿರಿ, ಅವಳ ಕೆಲಸ ಏನು ಅಂತ ಮೊದಲು ಕೇಳಿಬಿಡಿ.

ಲಿಫ್ಟು ಮಾಡುವ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. ಯಾವುದಾದರೂ ಕಟ್ಟಡದಲ್ಲಿ ಲಿಫ್ಟು ಕೈಕೊಟ್ಟರೆ ಒಳಗಿದ್ದವರು ಗಂಟೆಯ ಗುಂಡಿ ಒತ್ತುತ್ತಾರಲ್ಲ, ಆ ಕರೆ ಬಂದು ಮುಟ್ಟುವುದು ಕಿಟಕಿಯಿಲ್ಲದ ಒಂದು ಕೋಣೆಗೆ. ಅಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಾಲ್ಕು ಜನ ಕೂತಿರುತ್ತಾರೆ. ಮೆಕ್ಯಾನಿಕ್ಕು ಹೋಗಿ ಬಾಗಿಲು ತೆಗೆಯುವ ತನಕ ಒಳಗಿನವರು ಹೆದರಿ ಬಾಗಿಲು ಗುದ್ದದ ಹಾಗೆ, ಎಚ್ಚರ ತಪ್ಪದ ಹಾಗೆ ಮಾತಾಡಿಸುತ್ತಾ ಇರಬೇಕು. ಅದರಲ್ಲಿ ಇವಳನ್ನು ಮೀರಿಸಿದವರಿಲ್ಲ. ಕೋಣೆಯಲ್ಲಿ ಇವಳಿಗೆ ‘ತಣ್ಣೀರು’ ಅಂತಲೇ ಹೆಸರು. ಎಂಥ ಬೆಂಕಿಯಂಥ ಕರೆ ಬಂದರೂ “ತಣ್ಣೀರಿಗೆ ಕೊಡಿ” ಎನ್ನುತ್ತಿದ್ದರು.

ಹನ್ನೊಂದು ವರ್ಷದಲ್ಲಿ ಅವಳು ಕಂಡುಕೊಂಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ ಪ್ರತಿ ಮೇಜಿಗೂ ಅಂಟಿಸಿದ್ದರು. ‘ಶಾಂತವಾಗಿರಿ’ ಅನ್ನಬೇಡಿ, ಅದು ಭಾಷಣದ ಮಾತು, ಕೇಳಿದವರಿಗೆ ಮೈಯೆಲ್ಲ ಉರಿಯುತ್ತದೆ. ‘ಸುಮ್ಮನಿರಿ’ ಅಂದರೆ ಗದರಿದ ಹಾಗೆ, ಮಕ್ಕಳು ಕೂಡ ಕೇಳುವುದಿಲ್ಲ. ‘ತಾಳ್ಮೆ’ ಅಂದಿರೋ ಕೆಟ್ಟಿರಿ, ತಡವಾಗುತ್ತೆ ಅನ್ನುವುದು ಅವರಿಗೆ ತಿಳಿದುಹೋಗುತ್ತದೆ. ‘ನಿಧಾನ’ ಪರವಾಗಿಲ್ಲ, ಏದುಸಿರು ಬಿಡುವವರಿಗೆ ಹೇಳಬಹುದು. ‘ಸಮಾಧಾನ’ ಎಲ್ಲಕ್ಕಿಂತ ಒಳ್ಳೆಯದು, ಯಾರಿಗೆ ಹೇಳಿದರೂ ನಾಟುತ್ತದೆ. ‘ನೆಮ್ಮದಿ’ ಮಾತ್ರ ಬೇಡವೇ ಬೇಡ. ಅದು ಮನೆ ಸೇರಿದಮೇಲಿನ ಮಾತು, ಸಿಕ್ಕಿಕೊಂಡವರಿಗೆ ಹೇಳಿದರೆ ಅಳು ಬರುತ್ತದೆ.

ಹಾಳೆಯ ಕೊನೆಗೆ ಇನ್ನೊಂದು ನಿಯಮವಿತ್ತು. ಕರೆ ಬಂದ ಮೊದಲ ನಿಮಿಷದಲ್ಲೇ “ಹೇಗಿದ್ದೀರಿ?” ಅಂತ ಕೇಳಬೇಕು, ಉತ್ತರ ಕೇಳಿ ಒಂದು ಬಣ್ಣ ಬರೆಯಬೇಕು. ಅರಚುವವರು, ಉಸಿರುಕಟ್ಟಿದವರು ಕೆಂಪು. ಮೆಕ್ಯಾನಿಕ್ಕು ಇದ್ದ ಕೆಲಸ ಬಿಟ್ಟು ಅಲ್ಲಿಗೆ ಓಡುತ್ತಾನೆ. ಗೊಣಗುವವರು ಹಳದಿ. ಸಮಾಧಾನವಾಗಿ ಇರುವವರು ಹಸಿರು. ಕೆಂಪು ಮುಗಿದು, ಹಳದಿ ಮುಗಿದು, ಆಮೇಲೆ ಅವರ ಸರದಿ. ಮುಕ್ಕಾಲು ಗಂಟೆಯೂ ಆದೀತು, ಒಂದೂವರೆ ಗಂಟೆಯೂ ಆದೀತು. ಜನ ತುಂಬ ಜಾಣರು, ಬೇಕೆಂದೇ ‘ಸಾಯ್ತಿದ್ದೀನಿ’ ಅಂತ ಹೇಳುತ್ತಾರೆಂದು ಅದರ ಕೆಳಗೆ ಇವಳೇ ಒಂದು ಸಾಲು ಸೇರಿಸಿದ್ದಳು: ಮಾತು ನೋಡಬೇಡಿ, ದನಿ ನೋಡಿ.

ಈಗ ಹೇಳಿ, ದಿನಕ್ಕೆ ಎಂಟು ಗಂಟೆ ಹೀಗೆ ಮಾತಾಡಿದವಳ ಗಂಟಲು ಮನೆಗೆ ಬಂದಮೇಲೆ ಬೇರೆಯಾಗುತ್ತದೆಯೇ? ಮನೆಯವರಿಗೂ ಅದು ಚೆನ್ನಾಗಿ ಗೊತ್ತಾಗಿಬಿಟ್ಟಿತ್ತು. ಗಂಡ ಏನು ತೀರ್ಮಾನ ಮಾಡಿದರೂ “ಶಾಂತವಾಗಿ ಯೋಚನೆ ಮಾಡು” ಅನ್ನುತ್ತಿದ್ದ. ಅತ್ತೆ “ನೀನು ಸುಮ್ನಿರಮ್ಮ, ಎಲ್ಲಾ ಸರಿಹೋಗತ್ತೆ” ಅನ್ನುತ್ತಿದ್ದರು. ಇವಳು ಹೊಟ್ಟೆಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದಳು. ಆ ಮನೆಯಲ್ಲಿ ಅರಚುವವರ ಕೆಲಸ ಮೊದಲು ಆಗುತ್ತಿತ್ತು, ಇವಳದ್ದು ಎಂದೂ ಆಗುತ್ತಿರಲಿಲ್ಲ.

ಒಂದು ತಿಂಗಳ ಹಿಂದೆ ಮೈದುನನಿಗೆ ಈ ಊರಿಗೆ ವರ್ಗವಾಯಿತು. ಕೋಣೆ ಬೇಕು ಎಂದ ಗಂಡ. ಅಕ್ಕನಿಗೆ ದೊಡ್ಡಪ್ಪನ ಮಗನ ಮನೆ ಇದೆಯಲ್ಲ ಎಂದರು ಅತ್ತೆ. ಇತ್ತು, ಹತ್ತು ಗಂಟೆ ಬಸ್ಸಿನ ದಾರಿ. ಆ ಮನೆಯಲ್ಲಿ ಮೂರು ಮಕ್ಕಳನ್ನು ನೋಡಿಕೊಳ್ಳಲು ಆಳು ಬೇಕಾಗಿತ್ತು. ಆಳು ಅನ್ನದೆ ಅಕ್ಕ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಅಕ್ಕ ತಂಗಿಯ ಗಂಡನ ಹತ್ತಿರ ಮಾತಾಡಲಿಲ್ಲ, ಅತ್ತೆಯ ಹತ್ತಿರವೂ ಮಾತಾಡಲಿಲ್ಲ. ತಿಂಗಳಿಡೀ ತಂಗಿಯ ಮುಖ ನೋಡಿದಳು. ನಿನ್ನೆ ಸಂಜೆ ಟ್ರಂಕಿಗೆ ಬಟ್ಟೆ ತುಂಬುತ್ತಾ ಕೊನೆಗೂ ಕೇಳಿದಳು.

“ನಾನು ಹೋಗ್ಲೇನೇ?”

ತಂಗಿ ಅವಳ ಪಕ್ಕ ಕೂತು, ಕೈಮೇಲೆ ಕೈಯಿಟ್ಟು, ಬೆಣ್ಣೆಯಂಥ ದನಿಯಲ್ಲಿ, “ಸಮಾಧಾನ ಮಾಡ್ಕೋ ಅಕ್ಕ. ನಿಧಾನವಾಗಿ ಎಲ್ಲಾ ಸರಿಹೋಗತ್ತೆ” ಎಂದಳು.

ಅಕ್ಕ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. “ನನ್ನ ಲಿಫ್ಟೇನೂ ಕೆಟ್ಟಿಲ್ಲ ಕಣೇ” ಎಂದಳು. ಟ್ರಂಕಿನ ಮುಚ್ಚಳ ಹಾಕಿದಳು.

ಇಷ್ಟು ನಡೆದದ್ದು. ಈಗ ಅಕ್ಕ ಹೊರಟಾಗಿತ್ತು, ಬಾಗಿಲು ಮುಚ್ಚಿಯಾಗಿತ್ತು. ಹತ್ತೂವರೆಗೆ ಬಸ್ಸು. ಗೋಡೆ ಗಡಿಯಾರದಲ್ಲಿ ಒಂಬತ್ತೂಕಾಲು. ಗಂಡ ಸ್ನಾನಕ್ಕೆ ಹೋಗಿದ್ದ, ಅತ್ತೆ ಅಡುಗೆಮನೆಯಲ್ಲಿದ್ದರು. ತಂಗಿ ಅಂಗಿಯ ತೋಳನ್ನು ಮೂರನೇ ಸಲ ಉಜ್ಜಿದಳು. ತೋಳಿನ ಒಳಗೆ ಹರಿದಲ್ಲಿ ಅಕ್ಕ ಹಾಕಿದ ಹೊಲಿಗೆ ಇತ್ತು, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ. ಅದನ್ನು ನೋಡಿದ್ದೇ ತಡ, ಅಂಗಿಯನ್ನು ಪಕ್ಕಕ್ಕೆ ಸರಿಸಿದಳು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು, ಸಿಕ್ಕಿದ ಚಪ್ಪಲಿ ಮೆಟ್ಟಿದಳು, ಓಡಿದಳು. ಮೊಬೈಲು ಇಸ್ತ್ರಿ ಮೇಜಿನ ಮೇಲೇ ಉಳಿಯಿತು. ‘ಹೋಗಬೇಡ ಅಂತ ಹೇಳ್ತೀನಿ. ಒಂದೇ ಮಾತು. ಬಸ್ಸು ಹತ್ತೋದರೊಳಗೆ ಹೇಳ್ತೀನಿ.’

ಮನೆ ಎಂಟನೇ ಮಹಡಿಯಲ್ಲಿ. ಅಕ್ಕ ಮೆಟ್ಟಿಲಲ್ಲೇ ಇಳಿಯುತ್ತಾಳೆ, ಅದು ಗೊತ್ತಿದ್ದದ್ದೇ. ಮಂಡಿನೋವಿದ್ದರೂ ಸರಿ, ಜೀವ ಹೋದರೂ ಸರಿ, ಆರು ವರ್ಷದಲ್ಲಿ ಒಂದು ದಿನ ಲಿಫ್ಟಿನೊಳಗೆ ಕಾಲಿಟ್ಟವಳಲ್ಲ. ಲಿಫ್ಟಿನಲ್ಲಿ ಹೋದರೆ ಕೆಳಗಿನ ಬಾಗಿಲಲ್ಲೇ ಹಿಡಿಯಬಹುದು ಎಂದುಕೊಂಡು ತಂಗಿ ಗುಂಡಿ ಒತ್ತಿದಳು. ಬಾಗಿಲು ಮುಚ್ಚಿತು. ಏಳು, ಆರು, ಐದು. ಆಮೇಲೆ ಕಾಲಡಿಯಲ್ಲಿ ಏನೋ ಕೊಕ್ಕೆ ಸಿಕ್ಕಿಕೊಂಡ ಹಾಗಾಗಿ ಒಂದು ಸಲ ಜಗ್ಗಿ ನಿಂತೇಬಿಟ್ಟಿತು. ಅದೇ ಕಂಪನಿಯ ಲಿಫ್ಟು. ಒಳಗಿರುವವಳು ನಮ್ಮವಳು ಅನ್ನುವ ದಾಕ್ಷಿಣ್ಯ ಅದಕ್ಕೆಲ್ಲಿಂದ ಬರಬೇಕು?

ಎಲ್ಲ ಗುಂಡಿಗಳನ್ನೂ ಒತ್ತಿದಳು. ಬಾಗಿಲ ಸಂದಿಗೆ ಬೆರಳು ತೂರಿಸಿ ಎಳೆದಳು, ಉಗುರು ಮುರಿಯಿತು. ಹಾಗೆ ಎಳೆಯಬೇಡಿ ಅಂತ ಜನಕ್ಕೆ ಹನ್ನೊಂದು ವರ್ಷ ಹೇಳಿದವಳು! ಕೊನೆಗೆ ಗಂಟೆಯ ಗುಂಡಿ ಒತ್ತಿದಳು.

“ನಮಸ್ಕಾರ. ಏನೂ ಯೋಚನೆ ಮಾಡಬೇಡಿ, ನಾನು ನಿಮ್ಮ ಜೊತೆ ಇದ್ದೀನಿ. ಒಳಗೆ ಎಷ್ಟು ಜನ ಇದ್ದೀರಿ?”

ದನಿ ಕೇಳುತ್ತಲೇ ಗೊತ್ತಾಯಿತು. ಟೀಚರಮ್ಮ! ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿ, ನಿವೃತ್ತಿಯಾದಮೇಲೆ ಮನೆಯಲ್ಲಿ ಕೂರಲಾರದೆ ಮೂರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಹೆಂಗಸು. ಅವರಿಗೆ ಕೆಲಸ ಕಲಿಸಿದ್ದು ಇವಳೇ. ನಿಯಮ ಅಂದರೆ ನಿಯಮ, ಕೂದಲೆಳೆಯಷ್ಟೂ ಆಚೀಚೆ ಆಗುವವರಲ್ಲ.

“ನಾನೊಬ್ಬಳೇ” ಎಂದಳು ತಂಗಿ.

“ಹೇಗಿದ್ದೀರಿ?”

“ಸಮಾಧಾನವಾಗಿದ್ದೀನಿ.”

ಬಾಯಿಂದ ಜಾರಿಯೇ ಹೋಯಿತು. ಸಾವಿರ ಸಲ ಬೇರೆಯವರ ಬಾಯಲ್ಲಿ ಹೇಳಿಸಿದ ಮಾತು, ತನ್ನ ಬಾಯಲ್ಲಿ ತಾನಾಗಿಯೇ ಬಂತು. ಆ ಕಡೆ ಪೆನ್ನಿನ ಮುಚ್ಚಳ ಟಕ್ಕೆಂದಿತು. ಟೀಚರಮ್ಮ ಹಸಿರು ಬರೆದರು.

“ಅಯ್ಯೋ, ನೀವಾ ಮೇಡಂ?” ಎಂದರು ಅವರು, ದನಿ ಗುರುತು ಸಿಕ್ಕಿ. “ನೀವಾದ್ರೆ ನನಗೆ ಯೋಚನೇನೇ ಇಲ್ಲ ಬಿಡಿ. ಆರಾಮಾಗಿ ಗೋಡೆಗೆ ಒರಗಿಕೊಂಡು ಕೂತ್ಕೊಳ್ಳಿ. ಮುಂದೆ ಎರಡು ಕೆಂಪು ಇದೆ, ಮೂರು ಹಳದಿ ಇದೆ.”

“ಟೀಚರಮ್ಮ, ನನ್ನನ್ನೂ ಕೆಂಪು ಮಾಡಿ. ನಮ್ಮಕ್ಕ ಹೋಗ್ತಿದ್ದಾಳೆ. ಹತ್ತೂವರೆಗೆ ಬಸ್ಸು. ನಾನು ಅವಳನ್ನ ತಡೀಬೇಕು.”

“ಬರೆದಾಯ್ತಲ್ಲ ಮೇಡಂ. ದನಿ ಬದಲಾಗದೆ ಬರೆದಿದ್ದನ್ನ ತಿದ್ದೋಕೆ ಬರಲ್ಲ.”

“ನನಗೆ ಭಯ ಆಗ್ತಿದೆ. ನಿಜವಾಗ್ಲೂ ಭಯ ಆಗ್ತಿದೆ.”

ಟೀಚರಮ್ಮ ಪಾಪ, ಕಿವಿಗೊಟ್ಟು ಕೇಳುತ್ತಿದ್ದರು. “ಇಲ್ಲ ಮೇಡಂ,” ಎಂದರು ಬೇಜಾರಿನಿಂದಲೇ, “ನೀವು ಹೇಳ್ತಿರೋದು ಭಯ ಅಂತ, ದನಿ ಮಾತ್ರ ತಣ್ಣಗಿದೆ. ಈ ಕರೆ ರೆಕಾರ್ಡಾಗ್ತಿದೆ. ನಾಳೆ ಮೇಲಿನವರು ಕೇಳಿದ್ರೆ ಇದಕ್ಕೆ ಯಾಕೆ ಕೆಂಪು ಕೊಟ್ರಿ ಅಂತ ನನ್ನನ್ನ ಕೇಳ್ತಾರೆ. ಮಾತು ನೋಡಬೇಡಿ, ದನಿ ನೋಡಿ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?”

ಹೌದು, ಇವಳೇ ಹೇಳಿಕೊಟ್ಟಿದ್ದು. ಬೆವರು ಹಣೆಯಿಂದ ಇಳಿದು ಕಣ್ಣು ಉರಿಯಿತು. ಲಿಫ್ಟಿನ ಗೋಡೆಗಳು ನಾಲ್ಕೂ ಒಂದು ಗೇಣು ಹತ್ತಿರ ಸರಿದ ಹಾಗೆ ಕಂಡವು. ಅರಚೋಣ ಎಂದು ಬಾಯಿ ತೆರೆದಳು. ಏನು ಬಂತು ಗೊತ್ತೇ? ಸಭೆಯಲ್ಲಿ ಮಾತಿಗೆ ನಿಂತವರು ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಅಂಥದ್ದೊಂದು ಸದ್ದು ಬಂತು. ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ಅದೇ ಸದ್ದು ಬಂತು. ಮದುವೆಯಾಗಿ ಹದಿನಾಲ್ಕು ವರ್ಷ, ಕೆಲಸಕ್ಕೆ ಸೇರಿ ಹನ್ನೊಂದು ವರ್ಷ, ಅರಚುವುದು ಹೇಗೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು.

“ಸಮಾಧಾನ ಮೇಡಂ” ಎಂದರು ಟೀಚರಮ್ಮ, ಹಾಳೆಯಲ್ಲಿ ಇದ್ದ ಹಾಗೆಯೇ. “ನಿಧಾನವಾಗಿ ಉಸಿರು ತಗೊಳ್ಳಿ. ಮೂಗಿನಿಂದ ಒಳಗೆ, ಬಾಯಿಂದ ಹೊರಗೆ. ನಾನಿದ್ದೀನಲ್ಲ.”

ಪ್ರತಿ ಮಾತಿನ ಹಿಂದೆ ಏನಿದೆ ಅನ್ನುವುದು ಇವಳಿಗೆ ಗೊತ್ತು. ‘ನಾನಿದ್ದೀನಲ್ಲ’ ಅಂದರೆ ಬೇರೆ ಯಾರೂ ಇನ್ನೂ ಹೊರಟಿಲ್ಲ ಅಂತ ಅರ್ಥ. ‘ನಿಧಾನ’ ಅಂದರೆ ಮೆಕ್ಯಾನಿಕ್ಕು ಊರಿನ ಇನ್ನೊಂದು ಮೂಲೆಯಲ್ಲಿದ್ದಾನೆ ಅಂತ ಅರ್ಥ. ‘ಸಮಾಧಾನ’ ಅಂದರೆ? ನೀನು ಇಲ್ಲೇ ಇರು, ನಿನ್ನಿಂದ ನನಗೆ ತೊಂದರೆ ಬೇಡ ಅಂತ ಅರ್ಥ. ನಿನ್ನೆ ಅಕ್ಕನಿಗೆ ಅವಳು ಹೇಳಿದ್ದೂ ಅದನ್ನೇ. ಅಷ್ಟು ಹೊಳೆದದ್ದೇ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು.

ಆಗ ಕೇಳಿಸಿತು ಆ ಸದ್ದು. ದಡ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ದಡ್. ಟ್ರಂಕು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುವ ಸದ್ದು. ಲಿಫ್ಟಿನ ಪಕ್ಕದ ಗೋಡೆಯ ಆಚೆಯೇ ಮೆಟ್ಟಿಲು. ಅಕ್ಕ ಇನ್ನೂ ಇಳಿಯುತ್ತಲೇ ಇದ್ದಳು, ಮಂಡಿ ಹಿಡಿದುಕೊಂಡು, ಮಹಡಿಗೊಂದು ಸಲ ಕೂತು, ಎದ್ದು. ಈಗ ಇವಳ ಪಕ್ಕದಲ್ಲೇ ಹಾದುಹೋಗುತ್ತಿದ್ದಳು. ಒಂದು ಗೋಡೆ ನಡುವೆ, ಅಷ್ಟೇ.

“ಅಕ್ಕಾ” ಎಂದಳು ತಂಗಿ. ಮೇಜಿನ ಆಚೆ ಕೂತವರಿಗೆ ಕೇಳಿಸುವಷ್ಟು ದನಿ.

ದಡ್. ದಡ್. ಸದ್ದು ನಾಲ್ಕನೇ ಮಹಡಿ ದಾಟಿತು. “ಅಕ್ಕಾ, ನಿಲ್ಲು.” ಸದ್ದು ಮೂರನೆಯದಕ್ಕೆ ಇಳಿಯಿತು, ಸಣ್ಣದಾಯಿತು. ಎರಡನೆಯದರಲ್ಲಿ ಒಂದು ಕ್ಷಣ ನಿಂತಿತು. ಇನ್ನು ಎರಡು ಮಹಡಿ, ಆಮೇಲೆ ಬೀದಿ, ಟ್ಯಾಕ್ಸಿ, ಬಸ್ಸು, ದೊಡ್ಡಪ್ಪನ ಮಗನ ಮನೆಯ ಹಿಂದಿನ ಕೋಣೆ. ಟೀಚರಮ್ಮ ಸ್ಪೀಕರಿನಿಂದ “ಸಮಾಧಾನ ಮೇಡಂ, ಸಮಾಧಾನ” ಅನ್ನುತ್ತಲೇ ಇದ್ದರು.

“ಸಮಾಧಾನ ಸುಟ್ಟುಹೋಗ್ಲಿ!”

ಅದು ತನ್ನದೇ ದನಿ ಅಂತ ಇವಳಿಗೆ ತಕ್ಷಣ ತಿಳಿಯಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಬಂತು, ಹೊಟ್ಟೆಯ ಬುಡದಿಂದ, ಕಿವಿ ಕಿತ್ತುಹೋಗುವ ಹಾಗೆ: “ಅಕ್ಕಾ! ಹೋಗಬೇಡ ಕಣೇ! ಹೋಗಬೇಡಾ!” ಎರಡು ಕೈಯಲ್ಲೂ ಬಾಗಿಲು ಗುದ್ದಿದಳು, ಕಾಲಲ್ಲಿ ಒದ್ದಳು, ಏಳು ವರ್ಷದ ಮಗುವಿನ ಹಾಗೆ ಬಾಯಿ ಬಿಟ್ಟು ಅತ್ತಳು.

ಸ್ಪೀಕರಿನಲ್ಲಿ ಪೆನ್ನು ಬಿದ್ದ ಸದ್ದಾಯಿತು. “ಕೆಂಪು!” ಎಂದು ಕೂಗಿದರು ಟೀಚರಮ್ಮ. “ಕೆಂಪು ಹಾಕಿದೆ ಮೇಡಂ! ಈಗ ಸರಿಯಾಯ್ತು ನೋಡಿ! ಇಪ್ಪತ್ತು ನಿಮಿಷ!”

ಕಟ್ಟಡದ ತುಂಬ ಬಾಗಿಲುಗಳು ತೆರೆದುಕೊಂಡವು. ಯಾರೋ ಏನಾಯಿತೆಂದು ಕೇಳಿದರು. ಸ್ವಲ್ಪ ಹೊತ್ತಾದಮೇಲೆ ಚಪ್ಪಲಿಯ ಸದ್ದು, ಏದುಸಿರಿನ ಸದ್ದು ಹತ್ತಿರ ಬಂದು ನಾಲ್ಕನೇ ಮಹಡಿಯ ಲಿಫ್ಟಿನ ಬಾಗಿಲ ಮುಂದೆ ನಿಂತವು.

“ಯಾಕೇ ಹಾಗೆ ಕಿರುಚ್ತೀಯ, ಕತ್ತೆ?” ಎಂದಳು ಅಕ್ಕ. “ನನ್ನ ಜೀವ ಬಾಯಿಗೆ ಬಂತು. ಪೆಟ್ಟಾಗಿದೆಯಾ?”

“ಇಲ್ಲ.”

“ಮತ್ತೆ ಯಾಕೆ ಅಳ್ತಿದ್ದೀಯ? ಮೂಗು ಒರೆಸ್ಕೋ ಮೊದಲು. ಸೆರಗಲ್ಲಿ ಒರೆಸಬೇಡ.”

ತಂಗಿ ಸೆರಗಲ್ಲೇ ಒರೆಸಿಕೊಂಡಳು. ಎಂಥ ಬೈಗುಳ! ಆ ಹಾಳೆಯ ಮಾತುಗಳಲ್ಲಿ ಒಂದೂ ಅದರಲ್ಲಿರಲಿಲ್ಲ. ಆದರೂ ಉಸಿರು ತಾನಾಗಿ ಹದಕ್ಕೆ ಬಂತು.

“ಅಕ್ಕಾ, ನೀನು ಹೋಗಬೇಡ.”

“ಅದೇನೋ ಕೇಳಿಸ್ತು. ಇಡೀ ಬೀದಿಗೆ ಕೇಳಿಸಿದೆ.”

ಮೆಕ್ಯಾನಿಕ್ಕು ಹದಿನೆಂಟು ನಿಮಿಷದಲ್ಲಿ ಬಂದ. ಸಲಾಕೆ ಹಾಕಿ ಬಾಗಿಲು ಬಿಡಿಸಿದಾಗ ಲಿಫ್ಟಿನ ನೆಲ ನಾಲ್ಕನೇ ಮಹಡಿಗಿಂತ ಸೊಂಟದಷ್ಟು ಮೇಲಿತ್ತು. “ಕೆಂಪು ಅಂದ್ರು, ಯಾರೋ ಸಾಯ್ತಿದ್ದಾರೆ ಅಂದ್ಕೊಂಡೆ. ನೀವಾ ಮೇಡಂ?” ಎಂದು ಬಾಯಿ ಬಿಟ್ಟುಕೊಂಡು ನೋಡಿದ. ಅಕ್ಕ ಕೈಕೊಟ್ಟಳು, ತಂಗಿ ಕೂತು, ಜಾರಿ, ಇಳಿದಳು. ಇಳಿದವಳೇ ಅಕ್ಕನನ್ನು ಗಟ್ಟಿಯಾಗಿ ತಬ್ಬಿಕೊಂಡಳು. “ಬಾ, ಮನೆಗೆ ಹೋಗೋಣ” ಎಂದಳು.

ಅಕ್ಕ ಕದಲಲಿಲ್ಲ. ಮುಖದಲ್ಲಿ ಪ್ರೀತಿ ಇತ್ತು, ಸಿಟ್ಟೂ ಇತ್ತು. “ಅವರಿಗೆ ಹೇಳಿದ್ದೀಯಾ?”

“ಹೇಳ್ತೀನಿ ಅಕ್ಕ. ಸಮಯ ನೋಡಿಕೊಂಡು ನಿಧಾನಕ್ಕೆ...”

“ನೋಡು, ಮತ್ತೆ ಶುರುವಾಯ್ತು.” ಅಕ್ಕ ಅವಳ ಕೈಗಳನ್ನು ಕೆಳಗಿಳಿಸಿದಳು. “ಲಿಫ್ಟಿನ ಬಾಗಿಲು ಹಾಕಿರೋವಾಗ ನನಗೆ ಹೇಳಿದ್ರೆ ಏನು ಬಂತು? ನಾನು ಈಗ ನಿನ್ನ ಹಿಂದೆ ಬಂದು ಬಾಗಿಲಲ್ಲಿ ನಿಂತ್ರೆ, ಅವರು ಒಂದು ಮಾತು ಅಂತಾರೆ, ನೀನು ಹೂಂ ಅಂತೀಯ, ನಾನು ಎರಡನೇ ಸಲ ಇಳೀಬೇಕು. ನನ್ನ ಮಂಡಿಗೂ ಆಗಲ್ಲ, ನನಗೂ ಆಗಲ್ಲ. ಟ್ರಂಕು ಎರಡನೇ ಮಹಡಿಲಿದೆ. ಅಲ್ಲಿ ಹೋಗಿ ಕೂತಿರ್ತೀನಿ. ನೀನು ಮೇಲೆ ಹೋಗಿ ಹೇಳು. ನನಗೆ ಅಲ್ಲಿಗೆ ಕೇಳಿಸಿದ್ರೆ ಬರ್ತೀನಿ. ಕೇಳಿಸದಿದ್ರೆ ಬಸ್ಸಿದೆ.”

ತಂಗಿ ಒಬ್ಬಳೇ ಹತ್ತಿದಳು. ಐದು, ಆರು, ಏಳು. ಲಿಫ್ಟಿನಲ್ಲಿ ಇದ್ದ ಹೆದರಿಕೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಅಲ್ಲಿ ಬಾಗಿಲು ಮುಚ್ಚಿತ್ತು, ಇಲ್ಲಿ ಬಾಗಿಲು ತೆರೆದಿತ್ತು, ಅದರಲ್ಲಿ ಒದ್ದೆ ತಲೆಯ ಗಂಡ ಟವೆಲು ಹಿಡಿದು ನಿಂತಿದ್ದ. ಹಿಂದೆ ಅತ್ತೆ.

“ಅರಚಿದ್ದು ನೀನಾ?” ಎಂದ ಗಂಡ. “ಏನಾಗಿದೆ ನಿನಗೆ? ಒಳಗೆ ಬಾ. ಬಾಗಿಲು ಹಾಕು. ಕೂತ್ಕೊಂಡು ಶಾಂತವಾಗಿ ಮಾತಾಡೋಣ.”

ಅವನು ಬಾಗಿಲು ಮುಚ್ಚಲು ಹೋದ. ತಂಗಿ ಹೊಸಿಲಲ್ಲೇ ನಿಂತು ಬಾಗಿಲಿಗೆ ಕಾಲು ಅಡ್ಡ ಕೊಟ್ಟಳು. “ಅಕ್ಕ ಇಲ್ಲೇ ಇರಲಿ ಅಂತ ನನಗೆ ಅನ್ನಿಸತ್ತೆ” ಎಂದಳು.

ಥೂ! ಮತ್ತೆ ಅದೇ ದನಿ, ಅದೇ ತಣ್ಣೀರು.

ಗಂಡನ ಮುಖ ಸಡಿಲವಾಯಿತು, ನಕ್ಕ ಕೂಡ. “ಆಯ್ತಪ್ಪ. ಹೀಗೆ ಸಮಾಧಾನವಾಗಿ ಹೇಳಿದ್ರೆ ಯಾರು ಕೇಳಲ್ಲ? ಯೋಚನೆ ಮಾಡೋಣ. ತಮ್ಮ ಬಂದು ಸ್ವಲ್ಪ ದಿನ ಆಗ್ಲಿ, ಆಮೇಲೆ ನೋಡೋಣ.” ಆ ಮಾತಿನಲ್ಲಿ ಪೆನ್ನಿನ ಮುಚ್ಚಳ ಟಕ್ಕೆಂದದ್ದು ತಂಗಿಗೆ ಸ್ಪಷ್ಟವಾಗಿ ಕೇಳಿಸಿತು. ಹಸಿರು ಬರೆದಾಯಿತು. ಇನ್ನು ಎಲ್ಲರದ್ದೂ ಮುಗಿದಮೇಲೆ ಇವಳ ಸರದಿ.

ಕೆಳಗಿನಿಂದ ಒಂದು ಸದ್ದು ಬಂತು. ದಡ್. ಒಂದು ಮೆಟ್ಟಿಲು. ಅಕ್ಕ ಟ್ರಂಕು ಎತ್ತಿ ಇಳಿಯಲು ಶುರುಮಾಡಿದ್ದಳು.

ತಂಗಿ ಬಾಗಿಲ ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದಳು. “ಅಕ್ಕ ಇಲ್ಲೇ ಇರ್ತಾಳೆ!” ಎಂದು ಕೂಗಿದಳು. ಎದುರು ಮನೆಯ ಬಾಗಿಲು ತೆರೆಯಿತು. “ನನ್ನನ್ನ ಸಾಕಿದವಳು ಅವಳು! ಆ ಕೋಣೆ ಅವಳದ್ದು! ಯಾರಿಗೂ ಕೊಡಲ್ಲ! ನಾಳೆ ನೋಡಲ್ಲ, ಆಮೇಲೆ ನೋಡಲ್ಲ, ಈಗಲೇ ಹೇಳ್ತಿದ್ದೀನಿ! ಅವಳು ಹೋದ್ರೆ ನಾನೂ ಹೋಗ್ತೀನಿ!”

“ಸುಮ್ನಿರೇ, ಜನ ನೋಡ್ತಿದ್ದಾರೆ” ಎಂದರು ಅತ್ತೆ, ಮೆಲುದನಿಯಲ್ಲಿ.

“ಸುಮ್ನಿರಲ್ಲ! ನೋಡ್ಲಿ!”

ಗಂಡನ ಕೈಯಲ್ಲಿದ್ದ ಟವೆಲು ಕೆಳಗೆ ಬಿತ್ತು. ತಂಗಿ ಬಾಗಿಲಿಂದ ಕಾಲು ತೆಗೆಯಲಿಲ್ಲ. ಗುರುವಾರ ಮೈದುನ ಪೆಟ್ಟಿಗೆ ಹಿಡಿದುಕೊಂಡು ಬರುವವನಿದ್ದ, ಆ ಜಗಳ ಹಾಗೇ ಬಾಕಿ ಇತ್ತು. ಅದು ಅವಳಿಗೂ ಗೊತ್ತಿತ್ತು. ಕಿವಿ ಮಾತ್ರ ಕೆಳಗಿತ್ತು. ಎರಡನೇ ಸದ್ದು ಬರಲಿಲ್ಲ.

ಆಮೇಲೆ ಆರು ಮಹಡಿ ಕೆಳಗಿನಿಂದ ಅಕ್ಕನ ದನಿ ಬಂತು.

“ಕೇಳಿಸ್ತು ಕಣೇ! ಸಾಕು ಇನ್ನು, ಗಂಟಲು ಹೋಗತ್ತೆ! ಕೆಳಗೆ ಬಂದು ಟ್ರಂಕಿನ ಈ ಕಡೆ ಹಿಡ್ಕೋ!”